ಜೋಗಿನಾ, ಮುಂಗಾರು ಮಳೆನಾ? ಹತ್ತು ವರ್ಷದ ಹಾಡಿಗೆ ಮೂರೇ ಹೆಸರು ಅಂದ್ರೆ ಯಾರು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಕಳೆದ ವಾರ ಸಂಚಿಕೆ ಮುಗಿಸುವಾಗ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? 2000ದಿಂದ 2009ರವರೆಗಿನ ಕನ್ನಡ ಹಾಡುಗಳನ್ನು ಏನೂ ಗೊತ್ತಿಲ್ಲದ ಒಬ್ಬರಿಗೆ ಪರಿಚಯ ಮಾಡಿಸಬೇಕು. ಆದರೆ ಮೂರೇ ಮೂರು ಹೆಸರು ಹೇಳಬಹುದು. ಗಾಯಕರಿರಲಿ, ಸಂಗೀತ ನಿರ್ದೇಶಕರಿರಲಿ, ಬ್ಯಾಂಡ್ ಇರಲಿ. ಯಾರನ್ನು ಹೇಳ್ತೀರಿ?

ಟೈಂಪಾಸ್‌ಗೆ ಅಂತ ಕೇಳಿದ ಪ್ರಶ್ನೆ ಅದು. ಆದರೆ ವಾಯ್ಸ್ ನೋಟ್‌ಗಳು ಬಂದು ಬಿದ್ದ ರೀತಿ ನೋಡಿದ್ರೆ ಜನ ಟೈಂಪಾಸ್‌ಗೆ ಉತ್ತರ ಕೊಟ್ಟಿಲ್ಲ. ಹಾಸನದಿಂದ ಒಬ್ಬರು ಪೂರ್ತಿ ನಾಲ್ಕು ನಿಮಿಷ ನನ್ನನ್ನು ಬೈದಿದ್ದಾರೆ. ನಾನು ಇನ್ನೂ ನನ್ನ ಉತ್ತರವನ್ನೇ ಹೇಳಿರಲಿಲ್ಲ! ಅವರ ಸಿಟ್ಟು ನಾನು ಹಾಕಿದ ಪೋಸ್ಟರ್ ಮೇಲೆ. ಅದರಲ್ಲಿ ಮಳೆ ಇತ್ತು, ಛತ್ರಿ ಇತ್ತು, ಸೋನು ನಿಗಮ್ ಫೋಟೋ ಇತ್ತು. "ಹತ್ತು ವರ್ಷ ಅಂತೀರಿ, ಹಾಕಿರೋದು ಮೂರು ವರ್ಷದ ಫೋಟೋ. ಅದಕ್ಕೆ ಮುಂಚೆ ನಾವೆಲ್ಲ ಕಿವಿ ಮುಚ್ಕೊಂಡು ಕೂತಿದ್ವಾ?" ಅಂತ ಕೇಳಿದ್ದಾರೆ.

ಮೊದಲು ನಗು ಬಂತು. ಆಮೇಲೆ ಪೋಸ್ಟರ್ ಮತ್ತೆ ನೋಡಿದೆ. ಅವರು ಹೇಳಿದ್ದು ಸರಿ. ನಾನು ಹಾಕಿದ್ದೆಲ್ಲ 2006ರ ಡಿಸೆಂಬರ್ ನಂತರದ್ದೇ. ಬೇರೆಯವರ ಪಟ್ಟಿಗಳನ್ನೂ ತೆಗೆದು ನೋಡಿದೆ. ಆ್ಯಪ್‌ಗಳಲ್ಲಿರುವ 'ಆ ಕಾಲದ ಹಿಟ್ಸ್' ಪ್ಲೇಲಿಸ್ಟ್‌ಗಳು, ನಮ್ಮ ಕೇಳುಗರು ಕಳಿಸಿದ ಹೆಸರುಗಳು, ಹೆಚ್ಚಿನವು ಅದೇ ಕಡೆ ವಾಲಿವೆ. ದಶಕದ ಮೊದಲರ್ಧ ಎಲ್ಲಿ ಹೋಯ್ತು? ಇವತ್ತಿನ ಸಂಚಿಕೆ ಅದರ ಬಗ್ಗೆ. ಕೊನೆಯಲ್ಲಿ ನನ್ನ ಮೂರು ಹೆಸರನ್ನೂ ಹೇಳ್ತೀನಿ, ತಪ್ಪಿಸಿಕೊಳ್ಳಲ್ಲ.

ಲೆಕ್ಕ ಇಟ್ಟವರು ಯಾರು?

ಅಮೆರಿಕದವರಿಗೆ ಈ ಜಗಳ ಸ್ವಲ್ಪ ಸುಲಭ. ಅಲ್ಲಿ ಬಿಲ್‌ಬೋರ್ಡ್ ಹಾಟ್ 100 ಅಂತ ಒಂದು ಪಟ್ಟಿ 1958ರಿಂದ ವಾರ ವಾರ ಬರ್ತಾ ಇದೆ. 1964ರ ಏಪ್ರಿಲ್‌ನಲ್ಲಿ ಒಂದು ವಾರ ಆ ಪಟ್ಟಿಯ ಮೊದಲ ಐದೂ ಸ್ಥಾನಗಳಲ್ಲಿ ಬೀಟಲ್ಸ್ ಹಾಡುಗಳೇ ಇದ್ದವು. ಅರವತ್ತರ ದಶಕ ಯಾರದ್ದು ಅಂದ್ರೆ ಪಟ್ಟಿ ತೋರಿಸಬಹುದು. ಪಟ್ಟಿಯೇ ಕೊನೆಯ ಮಾತಲ್ಲ ಅಂತ ಅಲ್ಲೂ ಜಗಳ ಆಡ್ತಾರೆ, ಆದರೆ ಕೈಯಲ್ಲಿ ಹಿಡಿಯೋಕೆ ಒಂದು ಕಾಗದ ಇದೆ.

ನಮ್ಮಲ್ಲಿ ಅಂಥ ಕಾಗದ ಇಲ್ಲ. ಎಷ್ಟು ಕ್ಯಾಸೆಟ್ ಮಾರಾಟ ಆಯ್ತು ಅಂತ ಆಡಿಯೋ ಕಂಪನಿಯವರು ಹೇಳಿದ್ದೇ ಲೆಕ್ಕ. ಈಗಿನವರು ಯೂಟ್ಯೂಬ್ ವ್ಯೂಸ್ ನೋಡ್ತಾರೆ. ಆದರೆ ಯೂಟ್ಯೂಬ್ ಶುರುವಾಗಿದ್ದೇ 2005ರಲ್ಲಿ, ನಮ್ಮೂರ ಮೊಬೈಲ್‌ಗಳಿಗೆ ಅದು ಸಲೀಸಾಗಿ ಬಂದಿದ್ದು ಡೇಟಾ ಅಗ್ಗವಾದ ಮೇಲೆ, 2016ರ ನಂತರ. ಹಾಗಾಗಿ 2002ರ ಒಂದು ಹಾಡಿಗೆ ಈಗ ಇರೋ ವ್ಯೂಸ್ ಅಂದ್ರೆ ಈಗಿನವರು ಅದನ್ನು ಎಷ್ಟು ಸಲ ಹುಡುಕಿದ್ರು ಅನ್ನೋ ಲೆಕ್ಕ. 2002ರಲ್ಲಿ ಅದನ್ನು ಎಷ್ಟು ಜನ ಕೇಳಿದ್ರು ಅನ್ನೋದಲ್ಲ. ಜೊತೆಗೆ ಒಂದೇ ಹಳೇ ಹಾಡನ್ನು ನಾಲ್ಕೈದು ಚಾನೆಲ್‌ನವರು ಹಾಕಿರ್ತಾರೆ, ಎಣಿಕೆ ಅಲ್ಲೂ ಹಂಚಿ ಹೋಗುತ್ತೆ.

ನಾನು ಬಿ.ಕಾಂ. ಓದಿದವಳು. ಅದರಲ್ಲಿ ನೆನಪಿರೋದು ಕಮ್ಮಿ, ಆದರೆ ಇದೊಂದು ನೆನಪಿದೆ: ಪುಸ್ತಕದಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ವ್ಯವಹಾರ ನಡೆದಿಲ್ಲ ಅಂತ ಅಲ್ಲ. ಹಾಗಾದ್ರೆ ಬರೆದಿಟ್ಟ ಪುಸ್ತಕ ಎಲ್ಲಾದರೂ ಇದೆಯಾ ಅಂತ ಯೋಚನೆ ಮಾಡಿದಾಗ ಚಿಕ್ಕಪ್ಪ ನೆನಪಾದ್ರು.

ನಮ್ಮ ಚಿಕ್ಕಪ್ಪ ಅರಸೀಕೆರೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ರು. ನಾನು ಸ್ಕೂಲಿಗೆ ಹೋಗ್ತಿದ್ದ ಕಾಲ. ಸಂಜೆ ಅಲ್ಲಿ ಹೋಗಿ ಕೂತ್ಕೊಳ್ಳೋದು, ಕ್ಯಾಸೆಟ್ ಮೇಲಿನ ತೆಳು ಪ್ಲಾಸ್ಟಿಕ್ ಕಿತ್ತು ಬೈಸಿಕೊಳ್ಳೋದು, ಇದೇ ನನ್ನ ಕೆಲಸ. ಈಗ ಅದೇ ಜಾಗದಲ್ಲಿ ಮೊಬೈಲ್ ಕವರ್, ಚಾರ್ಜರ್ ಮಾರ್ತಾರೆ. ಮೊನ್ನೆ ಊರಿಗೆ ಹೋದಾಗ, ಹಳೇ ಲೆಕ್ಕದ ಪುಸ್ತಕ ಏನಾದ್ರೂ ಇದೆಯಾ ಅಂತ ಕೇಳಿದೆ. "ಯಾಕೇ, ಇನ್‌ಕಂ ಟ್ಯಾಕ್ಸ್‌ನವರು ಕಳ್ಸಿದ್ರಾ?" ಅಂದ್ರು. ಆಮೇಲೆ ಅಟ್ಟದಿಂದ ಒಂದು ಕಟ್ಟು ಇಳಿಸಿದ್ರು. ಬೆಂಗಳೂರಿಂದ ಮಾಲು ತರಿಸುವಾಗ ಬರೆದಿಟ್ಟ ಆರ್ಡರ್ ಪುಸ್ತಕಗಳು. ಇಲಿ ತಿಂದು ಉಳಿದಿದ್ದು.

ಅದರಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತೆ, ಪಕ್ಕದಲ್ಲಿ "ಅರ್ಜೆಂಟ್" ಅಂತ ಎರಡು ಗೆರೆ ಎಳೆದಿದ್ದಾರೆ: ಜೋಗಿ. ಮುಂಗಾರು ಮಳೆ ಕೂಡ ಇದೆ, ಆದರೆ ಅಷ್ಟು ಸಲ ಇಲ್ಲ. ಇದನ್ನೇ ಸಾಕ್ಷಿ ಅಂತ ಹಿಡಿದುಕೊಂಡು ಬರೋಣ ಅಂದುಕೊಂಡೆ. ಚಿಕ್ಕಪ್ಪನೇ ತಡೆದ್ರು. "ಅದನ್ನ ನಂಬಬೇಡ ಕಣೇ. ಮುಂಗಾರು ಮಳೆ ಹಾಡು ಕೇಳದೇ ಇರೋ ಮನೆ ಈ ಊರಲ್ಲಿ ಇರ್ಲಿಲ್ಲ. ಆದ್ರೆ ಅಷ್ಟೊತ್ತಿಗೆ ಜನ ಕ್ಯಾಸೆಟ್ ತಗೊಳ್ಳೋದೇ ಬಿಟ್ಟಿದ್ರು. ಎಲ್ಲರ ಕೈಲೂ ಎಂಪಿ3 ಸಿಡಿ."

ಇದು ನನಗೆ ಹೊಳೆದೇ ಇರಲಿಲ್ಲ. ಕ್ಯಾಸೆಟ್ ಅಂದ್ರೆ ಒಂದು ಸಿನಿಮಾ, ಇಲ್ಲಾ ಎ ಸೈಡ್ ಒಂದು, ಬಿ ಸೈಡ್ ಇನ್ನೊಂದು ಸಿನಿಮಾ. ಎಂಪಿ3 ಸಿಡಿಯಲ್ಲಿ ಜಾಗ 700 ಎಂಬಿ. ಒಂದು ಹಾಡಿಗೆ 5 ಎಂಬಿ ಅಂದ್ರೂ 140 ಹಾಡು ಆಯ್ತು. ಅದೂ ಪೈರೇಟೆಡ್, ಫುಟ್‌ಪಾತ್ ಮೇಲೆ ಸಿಗೋದು. ಆಮೇಲೆ ಬ್ಲೂಟೂತ್, ಮೆಮೊರಿ ಕಾರ್ಡ್. ಅಂದ್ರೆ ಆ ದಶಕದ ಅತಿ ದೊಡ್ಡ ಹಾಡುಗಳು ಬಂದ ಹೊತ್ತಿಗೆ ಲೆಕ್ಕದ ಪುಸ್ತಕವೇ ಮುಚ್ಚೋ ಹಾಗಿತ್ತು. ಯೂಟ್ಯೂಬ್ ಲೆಕ್ಕದಲ್ಲಿ ಮೊದಲರ್ಧಕ್ಕೆ ಮೋಸ. ಚಿಕ್ಕಪ್ಪನ ಲೆಕ್ಕದಲ್ಲಿ ಎರಡನೇ ಅರ್ಧಕ್ಕೆ ಮೋಸ.

ಹಾಗಾಗಿ ಎಣಿಕೆ ಬಿಟ್ಟೆ. ಬೇರೆ ಪರೀಕ್ಷೆ ಇಟ್ಟುಕೊಂಡೆ. ಈ ಒಬ್ಬ ಮನುಷ್ಯನ ಹೆಸರನ್ನು ಆ ಹತ್ತು ವರ್ಷದಿಂದ ತೆಗೆದುಬಿಟ್ರೆ, ಆ ಕಾಲದ ಹಾಡುಗಳು ಬೇರೆ ಥರ ಕೇಳಿಸ್ತಿದ್ವಾ? ಹೌದು ಅಂತಾದ್ರೆ ಹೆಸರು ಪಟ್ಟಿಯಲ್ಲಿರಲಿ. ಇಲ್ಲ ಅಂತಾದ್ರೆ, ಎಷ್ಟೇ ದೊಡ್ಡ ಪ್ರತಿಭೆ ಆದ್ರೂ, ಅವರು ಬೇರೆ ದಶಕದವರು.

ಒಬ್ಬರೇ ಮಾಡ್ತಿದ್ದ ಕೆಲಸ ಹಂಚಿಹೋದ ಕಾಲ

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀನಿ. ತೊಂಬತ್ತರ ದಶಕಕ್ಕೆ ಈ ಆಟ ಆಡಿದ್ರೆ ಎರಡೇ ನಿಮಿಷದಲ್ಲಿ ಮುಗಿಯುತ್ತೆ. ಹಂಸಲೇಖ. ಅಷ್ಟೇ. ಎದುರು ಮಾತಾಡೋರು ಕಮ್ಮಿ. 1987ರ ಪ್ರೇಮಲೋಕದಿಂದ ಶುರುವಾಗಿ, ರಾಗನೂ ಅವರದ್ದೇ, ಸಾಹಿತ್ಯನೂ ಅವರದ್ದೇ. ದನಿ ಬಹುಪಾಲು ಎಸ್‌ಪಿಬಿ ಅವರದ್ದು.

2000ನೇ ಇಸವಿ ಕೂಡ ಹಾಗೇ ಶುರುವಾಯ್ತು. ಆ ವರ್ಷ ಶಬ್ದವೇಧಿ ಬಂತು. ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಕೊನೆಯ ಸಿನಿಮಾ, ಸಂಗೀತ ಹಂಸಲೇಖ. ಅದೇ ವರ್ಷ ಜುಲೈ 30ಕ್ಕೆ ವೀರಪ್ಪನ್ ಅಣ್ಣಾವ್ರನ್ನು ಅಪಹರಿಸಿದ, 108 ದಿನ ಇಡೀ ಚಿತ್ರರಂಗ ಉಸಿರು ಹಿಡಿದು ಕೂತಿತ್ತು. ಅಲ್ಲಿಂದ ಮುಂದೆ ನಿಧಾನಕ್ಕೆ ಕೆಲಸ ಹಂಚಿಹೋಗುತ್ತೆ. ರಾಗ ಒಬ್ಬರು, ಮಾತು ಇನ್ನೊಬ್ಬರು. ಒಂದೇ ಸಿನಿಮಾಗೆ ಮೂರ್ನಾಲ್ಕು ಜನ ಗೀತರಚನೆಕಾರರು. ಹಾಡುವವರು ಹಾಡಿಗೊಬ್ಬರು. ಹಂಸಲೇಖ ಸುಮ್ಮನೆ ಕೂರಲಿಲ್ಲ, 2005ರ ನೆನಪಿರಲಿ ಅವರದ್ದೇ, ಅದರ ಹಾಡುಗಳು ಇವತ್ತಿಗೂ ಹೊಸದಾಗಿವೆ. ಆದರೆ ಇಡೀ ದಶಕದ ಗತ್ತು ಅವರ ಕೈಯಲ್ಲಿ ಇರಲಿಲ್ಲ. ಈ ದಶಕದ ಬಗ್ಗೆ ಇಷ್ಟು ಜಗಳ ಬರೋದಕ್ಕೆ ಇದೇ ಕಾರಣ. ಹಾಡು ಯಾರದ್ದು ಅನ್ನೋದೇ ಗೊಂದಲ.

ಹಾಸನದವರ ವಾದ: ಗುರುಕಿರಣ್

ಈಗ ಹಾಸನದ ವಾಯ್ಸ್ ನೋಟ್‌ಗೆ ಬರೋಣ. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಬೈಗುಳ, ಉಳಿದ ಒಂದು ನಿಮಿಷ ಒಳ್ಳೇ ವಾದ.

ಮಂಗಳೂರಿನ ಗುರುಕಿರಣ್ ಸಂಗೀತ ನಿರ್ದೇಶಕರಾಗಿ ಬಂದಿದ್ದು 1998ರಲ್ಲಿ, ಉಪೇಂದ್ರ ಅವರ 'ಎ' ಸಿನಿಮಾದಿಂದ. ಮರುವರ್ಷ 'ಉಪೇಂದ್ರ'. ಹಾಡು ಅಂದ್ರೆ ಹೀಗೂ ಇರಬಹುದಾ ಅನ್ನೋ ಥರ ಇತ್ತು. ಮಾತಾಡೋ ಭಾಷೆಯೇ ಹಾಡು. ಬೀದಿಯಲ್ಲಿ, ಕಾಲೇಜ್ ಕ್ಯಾಂಟೀನ್‌ನಲ್ಲಿ ಆಡೋ ಮಾತನ್ನು ಎತ್ತಿ ಬೀಟ್ ಮೇಲೆ ಕೂರಿಸಿದ ಹಾಗೆ. ಇವತ್ತು ಕನ್ನಡ ರ‍್ಯಾಪ್ ಕೇಳೋರಿಗೆ ಅದು ವಿಶೇಷ ಅನ್ನಿಸದೇ ಇರಬಹುದು. ಆದರೆ ಭಾವಗೀತೆಯ ನೆರಳಲ್ಲಿ ಬೆಳೆದ ಕಿವಿಗಳಿಗೆ ಆಗ ಅದು ಶಾಕ್. ನಮ್ಮಮ್ಮ ಟಿವಿ ಆಫ್ ಮಾಡ್ತಿದ್ರಂತೆ.

ಆಮೇಲೆ 2000ರ ದಶಕದಲ್ಲಿ ಅವರು ಯಾರ್ಯಾರಿಗೆ ಹಾಡು ಮಾಡಿದ್ರು ನೋಡಿ. 2002ರಲ್ಲಿ ಅಪ್ಪು. ಪುನೀತ್ ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ, ಅದರಲ್ಲಿ ಪುನೀತ್ ತಾವೇ ಹಾಡಿದ್ದಾರೆ ಕೂಡ. 2003ರಲ್ಲಿ ಕರಿಯ, ದರ್ಶನ್ ಅವರದ್ದು. 2004ರಲ್ಲಿ ಆಪ್ತಮಿತ್ರ, ವಿಷ್ಣುವರ್ಧನ್ ಅವರದ್ದು. 2005ರಲ್ಲಿ ಜೋಗಿ, ಶಿವರಾಜ್‌ಕುಮಾರ್ ಅವರದ್ದು. ಆಗಲೇ ಬೇರೂರಿದ್ದ ಇಬ್ಬರು, ಆಗ ತಾನೇ ಹೊರಟ ಇಬ್ಬರು. ನಾಲ್ವರಿಗೂ ಆ ಹೊತ್ತಿಗೆ ಬೇಕಾದ ದನಿ ಕೊಟ್ಟಿದ್ದು ಒಬ್ಬರೇ ಮನುಷ್ಯ.

"ಬರೀ ಗಲಾಟೆ, ಸಾಹಿತ್ಯ ಎಲ್ಲಿದೆ" ಅಂತ ಗುರುಕಿರಣ್ ಬಗ್ಗೆ ಒಂದು ಮಾತು ಯಾವಾಗಲೂ ಬರುತ್ತೆ. ನಮ್ಮ ಕೇಳುಗರಲ್ಲೂ ಮೂರು ಜನ ಅದನ್ನೇ ಹೇಳಿದ್ದಾರೆ. ಅವರಿಗೆ ನಾನು ಆಪ್ತಮಿತ್ರವನ್ನು ತೋರಿಸ್ತೀನಿ. ಅರಮನೆ, ನಾಟ್ಯ, ಹಳೇ ರಾಜನ ಕಾಲ, ಇದಕ್ಕೆಲ್ಲ ಶಾಸ್ತ್ರೀಯದ ನೆಲೆ ಬೇಕಿತ್ತು, ಅದನ್ನೂ ಅವರೇ ಮಾಡಿದ್ದು. ಜೋಗಿಯಲ್ಲಿ ಜನಪದದ ವಾಸನೆ ಇದೆ, ಅಮ್ಮ ಮಗನ ಅಳು ಇದೆ. ಗಲಾಟೆ ಅವರಿಗೆ ಗೊತ್ತಿದ್ದ ಹಲವು ಕೆಲಸಗಳಲ್ಲಿ ಒಂದು ಅಷ್ಟೇ.

ಆರ್ಕೆಸ್ಟ್ರಾ ಕೂಡ ಒಂದು ಸಾಕ್ಷಿ. ಗಣಪತಿ ಹಬ್ಬದಲ್ಲಿ, ಜಾತ್ರೆಯಲ್ಲಿ, ಮದುವೆ ರಿಸೆಪ್ಷನ್‌ನಲ್ಲಿ ರಾತ್ರಿ ಹನ್ನೊಂದಾದ ಮೇಲೆ ಹಾಡೋದು ಯಾವ ಹಾಡು? ಪ್ರೇಮಗೀತೆ ಎಲ್ಲ ಹತ್ತರೊಳಗೆ ಮುಗಿದಿರುತ್ತೆ. ಕುಣಿಯೋ ಹೊತ್ತಿಗೆ ಬರೋದು ಜೋಗಿ, ಅಪ್ಪು. ಆ ಲೆಕ್ಕವನ್ನು ಯಾವ ಆ್ಯಪ್ ಕೂಡ ಇಟ್ಟಿಲ್ಲ. ಬೆಂಗಳೂರಲ್ಲಿ ಕೂತು ಹೆಡ್‌ಫೋನ್‌ನಲ್ಲಿ ಕೇಳಿ ಪಟ್ಟಿ ಮಾಡೋ ನನ್ನಂಥವರಿಗೆ ಅದು ಕಾಣಿಸೋದೇ ಇಲ್ಲ.

ನನ್ನ ಪರೀಕ್ಷೆ ಹಾಕೋಣ. ಗುರುಕಿರಣ್ ತೆಗೆದ್ರೆ ಮೊದಲರ್ಧ ಬೇರೆ ಥರ ಕೇಳಿಸುತ್ತಾ? ಖಂಡಿತ. ಒಂದನೇ ಹೆಸರು ಬರೆದಾಯ್ತು.

2006: ಒಂದು ದನಿ ನಿಂತ ವರ್ಷ, ಇನ್ನೊಂದು ಬಂದ ವರ್ಷ

2006ರ ಏಪ್ರಿಲ್ 12ಕ್ಕೆ ರಾಜ್‌ಕುಮಾರ್ ತೀರಿಕೊಂಡರು. ನನಗೆ ನೆನಪಿರೋದು ಸ್ಕೂಲಿಗೆ ರಜೆ ಕೊಟ್ಟಿದ್ದು, ಚಿಕ್ಕಪ್ಪ ಅಂಗಡಿ ಬಾಗಿಲು ಹಾಕಿ ಒಳಗೇ ಕೂತಿದ್ದು. ಅಣ್ಣಾವ್ರು ನಟರು ಅಂತ ನಾವು ಹೇಳ್ತೀವಿ, ಆದರೆ ಹಾಡಿನ ಚರ್ಚೆಯಲ್ಲೂ ಅವರಿಗೆ ದೊಡ್ಡ ಜಾಗ ಇದೆ. ಕನ್ನಡ ಪದವನ್ನು ಹೇಗೆ ಉಚ್ಚರಿಸಬೇಕು ಅನ್ನೋದಕ್ಕೆ ಅವರ ಹಾಡುಗಳೇ ಎಷ್ಟೋ ಮನೆಗಳಲ್ಲಿ ಅಳತೆಗೋಲು. ಜೀವನ ಚೈತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಗಾಯಕರಾಗಿ.

ಅದೇ ವರ್ಷ ಡಿಸೆಂಬರ್ 29ಕ್ಕೆ ಮುಂಗಾರು ಮಳೆ ಬಂತು. ನಿರ್ದೇಶಕ ಯೋಗರಾಜ್ ಭಟ್. ನಾಯಕ ಗಣೇಶ್ ಅಂದ್ರೆ ಟಿವಿಯ ಕಾಮಿಡಿ ಟೈಮ್ ಹುಡುಗ. ಸಂಗೀತ ಮನೋಮೂರ್ತಿ. ಸಾಫ್ಟ್‌ವೇರ್ ಉದ್ಯಮ ಅಂತ ಅಮೆರಿಕದಲ್ಲಿ ನೆಲೆಸಿದ್ದವರು. 1997ರ ಅಮೆರಿಕಾ ಅಮೆರಿಕಾ ಸಿನಿಮಾದಲ್ಲೇ ಅವರು ಏನು ಅಂತ ತೋರಿಸಿದ್ರು, ಆದರೆ ವರ್ಷಕ್ಕೆ ಹತ್ತು ಸಿನಿಮಾ ಮಾಡೋ ಮನುಷ್ಯ ಅಲ್ಲ. ಗೀತರಚನೆಯಲ್ಲಿ ಭಟ್ಟರ ಜೊತೆ ಜಯಂತ ಕಾಯ್ಕಿಣಿ.

ಕಾಯ್ಕಿಣಿ ಬಗ್ಗೆ ಸ್ವಲ್ಪ ನಿಧಾನ ಮಾಡ್ತೀನಿ. ಗೋಕರ್ಣದವರು, ಸಾಹಿತಿ ಗೌರೀಶ ಕಾಯ್ಕಿಣಿ ಅವರ ಮಗ. ಮುಂಬೈಯಲ್ಲಿ ವರ್ಷಗಟ್ಟಲೆ ಕೆಮಿಸ್ಟ್ ಕೆಲಸ ಮಾಡ್ತಾ ಕತೆ ಬರೆದವರು. ಸಿನಿಮಾಗೆ ಬಂದಾಗಲೇ ಅವರಿಗೆ ಸಾಹಿತ್ಯದಲ್ಲಿ ದೊಡ್ಡ ಹೆಸರಿತ್ತು. ಅವರ ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂತು, ಅದು ಆಮೇಲಿನ ಮಾತು. ಮುಂಗಾರು ಮಳೆಗಿಂತ ಮುಂಚೆ, 2003ರ ಚಿಗುರಿದ ಕನಸು ಚಿತ್ರಕ್ಕೂ ಅವರು ಹಾಡು ಬರೆದಿದ್ರು. ಆಗ ಊರೆಲ್ಲ ಹಾಡಲಿಲ್ಲ.

ಅವರು ಮಾಡಿದ ಬದಲಾವಣೆ ಏನು? ಪ್ರೇಮಗೀತೆ ಅಂದ್ರೆ ಅದುವರೆಗೆ ನಾಯಕ ನಾಯಕಿಯನ್ನು ಹೊಗಳೋದು, ಇಲ್ಲಾ ಲೋಕಕ್ಕೆ ಸಾರಿ ಹೇಳೋದು. ಕಾಯ್ಕಿಣಿ ಹಾಡಿನ ಹುಡುಗ ತನ್ನೊಳಗೇ ಗೊಣಗಿಕೊಳ್ತಾನೆ. ತನಗೇ ಖಾತ್ರಿ ಇಲ್ಲ. ಬಳಸೋ ಪದಗಳು ಎಲ್ಲ ನಮಗೆ ಗೊತ್ತಿರೋವೇ, ಡಿಕ್ಷನರಿ ಬೇಕಾಗಿಲ್ಲ, ಆದರೆ ಪಕ್ಕಪಕ್ಕ ಕೂತಿರೋ ಪದಗಳು ಹಿಂದೆಂದೂ ಜೊತೆಗೆ ಕೂತಿರಲ್ಲ. ಸಣ್ಣಕತೆಗಾರನ ಕಣ್ಣು ಅದು. ಕಾನ್ವೆಂಟ್‌ನಲ್ಲಿ ಓದಿ, ಕನ್ನಡ ಹಾಡು ಕೇಳ್ತೀನಿ ಅಂತ ಹೇಳೋಕೆ ನಾಚ್ಕೊಳ್ತಿದ್ದ ನನ್ನ ಕ್ಲಾಸ್‌ಮೇಟ್‌ಗಳು ಆ ಹಾಡುಗಳನ್ನು ರಫ್ ನೋಟ್‌ಬುಕ್ಕಿನ ಹಿಂದೆ ಬರ್ಕೊಂಡಿದ್ರು. ಕೆಲವರು ಇಂಗ್ಲಿಷ್ ಅಕ್ಷರದಲ್ಲಿ!

ಇದಕ್ಕೆ ಇನ್ನೊಂದು ಕಾರಣನೂ ಸೇರಿಕೊಳ್ತು, ಎಫ್‌ಎಂ. ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂದಿದ್ದು 2001ರ ಜುಲೈನಲ್ಲಿ, ದೇಶದಲ್ಲೇ ಮೊದಲು. ಆದರೆ ಮೊದಮೊದಲು ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಜೋರು. 2006ರ ಹೊತ್ತಿಗೆ ಇನ್ನಷ್ಟು ಸ್ಟೇಷನ್‌ಗಳು ಬಂದು, ಕನ್ನಡ ಹಾಡಿಗೆ ಜಾಗ ಸಿಗೋ ಸಮಯಕ್ಕೆ ಸರಿಯಾಗಿ ಈ ಹಾಡುಗಳು ಬಂದವು. ಮೊಬೈಲ್ ಕಾಲರ್ ಟ್ಯೂನ್ ಕೂಡ ಅದೇ ಹೊತ್ತಿಗೆ ಹಬ್ಬಿತು. ಯಾರಿಗೆ ಫೋನ್ ಮಾಡಿದ್ರೂ ಮಳೆ. ಸಿನಿಮಾ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷದ ಮೇಲೆ ಓಡಿತು.

ಮುಂದಿನ ವರ್ಷಗಳಲ್ಲಿ ಮಿಲನ, ಚೆಲುವಿನ ಚಿತ್ತಾರ, ಮನಸಾರೆ. ಎಲ್ಲದಕ್ಕೂ ಮನೋಮೂರ್ತಿ ಸಂಗೀತ. ಇನ್ನೊಂದು ಕಡೆ ಗಾಂಧಿನಗರದಲ್ಲಿ ಎಲ್ಲರಿಗೂ ಮಳೆ ಬೇಕು, ಎಲ್ಲರಿಗೂ ಅದೇ ಥರ ಮೆಲೊಡಿ ಬೇಕು. ಕೆಲವು ನಕಲುಗಳಂತೂ ದೇವರೇ ಕಾಪಾಡಬೇಕು. ಆದರೆ ಇಷ್ಟು ಜನ ನಕಲು ಮಾಡಿದ್ರು ಅನ್ನೋದೇ ನನ್ನ ಪರೀಕ್ಷೆಗೆ ಉತ್ತರ. ಎರಡನೇ ಹೆಸರು ಮನೋಮೂರ್ತಿ ಮತ್ತು ಕಾಯ್ಕಿಣಿ, ಇಬ್ಬರೂ ಸೇರಿ ಒಂದು. ಮೋಸ ಅಂತ ಗೊತ್ತು. ಬೀಟಲ್ಸ್‌ನಲ್ಲಿ ನಾಲ್ಕು ಜನ ಇದ್ರು, ಯಾರೂ ಕೇಳಲ್ಲ.

ಭಟ್ಟರ ಅಭಿಮಾನಿಗಳು ಸಿಟ್ಟಾಗಬೇಡಿ. ಹರಿಕೃಷ್ಣ ಅವರ ಅಭಿಮಾನಿಗಳೂ. 2006ರ ಜೊತೆಜೊತೆಯಲಿ, 2008ರ ಗಾಳಿಪಟ ಎಲ್ಲ ನನಗೂ ಇಷ್ಟ. ಆದರೆ ಹರಿಕೃಷ್ಣ ಮತ್ತು ಭಟ್ಟರು ಸೇರಿ ಹೊಸ ಪೋಲಿ ಭಾಷೆಯೊಂದನ್ನು ಊರಿಗೆಲ್ಲ ಹಚ್ಚಿದ್ದು 2010ರ ಜಾಕಿಯಲ್ಲಿ. ಅದು ಮುಂದಿನ ದಶಕದ ಬಾಗಿಲು. ಅಲ್ಲಿ ಅವರ ಹೆಸರು ಮೊದಲೇ ಬರುತ್ತೆ.

ಎಲ್ಲರೂ ಜಗಳ ಆಡಿದ ಜಾಗ: ಹಾಡಿದವರು ಯಾರು?

ಮೂರನೇ ಹೆಸರಿಗೆ ನಾನು ಒಂದು ವಾರ ಒದ್ದಾಡಿದ್ದೀನಿ.

ಹೆಚ್ಚಿನ ಕೇಳುಗರು ಕಳಿಸಿದ್ದು ಸೋನು ನಿಗಮ್. ಹೆಚ್ಚಿನ ಬೈಗುಳ ಬಂದಿದ್ದೂ ಸೋನು ನಿಗಮ್ ಹೆಸರಿಗೇ. ಮುಂಗಾರು ಮಳೆಗೂ ಮುಂಚೆ ಅವರು ಕನ್ನಡದಲ್ಲಿ ಹಾಡಿದ್ರು. ಆದರೆ ಅದರ ನಂತರ ಅವರ ದನಿಯೇ ಕನ್ನಡದ ಪ್ರೇಮಗೀತೆಯ ದನಿ ಅನ್ನೋ ಹಾಗಾಯ್ತು. 2009ರಲ್ಲಿ 'ನೀನೇ ಬರಿ ನೀನೇ' ಅಂತ ಸಿನಿಮಾ ಇಲ್ಲದ ಒಂದು ಆಲ್ಬಂ ಬಂತು. ಅವರ ದನಿ, ಮನೋಮೂರ್ತಿ ಸಂಗೀತ, ಕಾಯ್ಕಿಣಿ ಸಾಹಿತ್ಯ. ಹೀರೋ ಇಲ್ಲ, ಕತೆ ಇಲ್ಲ, ಬರೀ ಈ ಮೂರು ಹೆಸರು ನಂಬಿ ಒಂದು ಆಲ್ಬಂ ಬರುತ್ತೆ ಅಂದ್ರೆ ಆಗ ಅವರ ಬೆಲೆ ಏನಿತ್ತು ಅಂತ ಗೊತ್ತಾಗುತ್ತೆ. ಶ್ರೇಯಾ ಘೋಷಾಲ್, ಕುನಾಲ್ ಗಾಂಜಾವಾಲಾ, ಉದಿತ್ ನಾರಾಯಣ್ ಎಲ್ಲರೂ ಆ ವರ್ಷಗಳಲ್ಲಿ ಇಲ್ಲಿ ಹಾಡಿದ್ರು.

ಇದಕ್ಕೆ ಬೆಲೆ ತೆತ್ತವರು ಯಾರು? ಇಲ್ಲಿಯ ಗಾಯಕರು. 1991ರ ಗೌರಿ ಗಣೇಶದಿಂದ ಹಾಡ್ತಾ ಬಂದ ರಾಜೇಶ್ ಕೃಷ್ಣನ್ ಅವರ ದನಿ, ದಶಕ ಶುರುವಾದಾಗ ಕನ್ನಡದ ಹೊಸ ನಾಯಕರ ದನಿ ಆಗಿತ್ತು. 2008ರ ಗಾಳಿಪಟದಲ್ಲಿ ರಾಜೇಶ್ ಮೂವರು ನಾಯಕರಲ್ಲಿ ಒಬ್ಬರಾಗಿ ನಟಿಸಿದ್ದಾರೆ. ಕನ್ನಡದ ಅಂಥಾ ಗಾಯಕ ತೆರೆ ಮೇಲೇ ಇದ್ದಾರೆ, ಆದರೆ ಆ ಸಿನಿಮಾ ಹಾಡು ಅಂದ ಕೂಡಲೇ ನಮಗೆ ನೆನಪಾಗೋದು ಸೋನು ನಿಗಮ್ ದನಿ. ಆ ದಶಕದ ಪಾಡನ್ನು ಇದಕ್ಕಿಂತ ಚೆನ್ನಾಗಿ ಹೇಳೋ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ಗಾಳಿಪಟದಲ್ಲಿ ಮೈಸೂರಿನ ವಿಜಯ್ ಪ್ರಕಾಶ್ ಕೂಡ ಹಾಡಿದ್ದಾರೆ. ಅವರು ಮುಂಬೈಗೆ ಹೋಗಿ ಹೆಸರು ಮಾಡಿ ತವರಿಗೆ ಬಂದವರು.

"ಕನ್ನಡ ಬಾರದವರು ಕನ್ನಡದ ದಶಕವನ್ನು ಹೇಗೆ ಪ್ರತಿನಿಧಿಸ್ತಾರೆ?" ಅಂತ ಮಂಡ್ಯದ ಒಬ್ಬ ಹುಡುಗಿ ಕೇಳಿದ್ದಾಳೆ. ಇನ್ನು ಕೆಲವರು 2025ರ ವಿಷಯ ಎತ್ತಿದ್ದಾರೆ. ಆ ವರ್ಷ ಬೆಂಗಳೂರಿನ ಒಂದು ಕಾರ್ಯಕ್ರಮದಲ್ಲಿ ಸೋನು ಆಡಿದ ಮಾತು ದೊಡ್ಡ ವಿವಾದ ಆಯ್ತು, ಆಮೇಲೆ ಅವರು ಕ್ಷಮೆ ಕೇಳಿದ್ರು. ಹಾಗಾಗಿ ಹೆಸರು ತೆಗೀಬೇಕು ಅನ್ನೋದು ಅವರ ವಾದ. ಆ ಮಾತು ಕೇಳಿದಾಗ ನನಗೂ ಬೇಜಾರಾಗಿತ್ತು. ಆದರೆ ನಾವು ಇಲ್ಲಿ ಸನ್ಮಾನ ಮಾಡ್ತಾ ಇಲ್ಲ. 2007ರಲ್ಲಿ ಬಸ್ಸಿನಲ್ಲಿ, ಆಟೋದಲ್ಲಿ, ಕಾಲರ್ ಟ್ಯೂನ್‌ನಲ್ಲಿ ಯಾರ ದನಿ ಇತ್ತು ಅಂತ ಕೇಳ್ತಾ ಇದ್ದೀವಿ. ಅದನ್ನು 2025ರಲ್ಲಿ ಕೂತು ಬದಲಾಯಿಸೋಕೆ ಆಗಲ್ಲ.

ಸಿನಿಮಾ ಬಿಟ್ಟು ಹೊರಗೆ ನೋಡಿ ಅಂದವರೂ ಇದ್ದಾರೆ, ಅವರು ಕಮ್ಮಿ ಜನ, ಆದರೆ ಅವರ ವಾದ ನನಗೆ ತುಂಬಾ ಹಿಡಿಸಿತು. ಧಾರವಾಡದಿಂದ ಒಬ್ಬರು ಸಿ. ಅಶ್ವತ್ಥ್ ಹೆಸರು ಕಳಿಸಿದ್ದಾರೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆದಾಗ ಜನಸಾಗರವೇ ಸೇರಿತ್ತು. ಸಿನಿಮಾ ತಾರೆ ನೋಡೋಕೆ ಬಂದ ಜನ ಅಲ್ಲ, ಕುವೆಂಪು, ಬೇಂದ್ರೆ, ಶರೀಫರ ಪದ ಕೇಳೋಕೆ ಬಂದ ಜನ. ಇನ್ನೊಬ್ಬರು ರಘು ದೀಕ್ಷಿತ್ ಅಂದಿದ್ದಾರೆ. 2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಪದಗಳಿವೆ, ಗಿಟಾರ್ ಮೇಲೆ. ಅದೇ ವರ್ಷ ಸೈಕೋ ಸಿನಿಮಾ ಹಾಡುಗಳೂ ಬಂದವು. ಅಂದ್ರೆ 1889ರಲ್ಲಿ ತೀರಿಕೊಂಡ ಸಂತಕವಿ ಒಬ್ಬರನ್ನು ಒಂದೇ ದಶಕದಲ್ಲಿ ಒಬ್ಬರು ಹಾರ್ಮೋನಿಯಂ ಜೊತೆ, ಇನ್ನೊಬ್ಬರು ಲುಂಗಿ ಉಟ್ಟು ಗಿಟಾರ್ ಜೊತೆ ಹಾಡಿದ್ರು. ಎರಡಕ್ಕೂ ಜನ ಸೇರಿದ್ರು.

ಆದರೆ ಪರೀಕ್ಷೆ ಹಾಕಿದಾಗ? ಅಶ್ವತ್ಥ್ ಅವರನ್ನು ತೆಗೆದ್ರೆ ಹೆಚ್ಚು ಖಾಲಿಯಾಗೋದು ಎಂಬತ್ತು, ತೊಂಬತ್ತರ ದಶಕಗಳು. ರಘು ದೀಕ್ಷಿತ್ ತೆಗೆದ್ರೆ ಖಾಲಿಯಾಗ್ತಿದ್ದದ್ದು 2010ರ ನಂತರದ ಕಾಲೇಜ್ ಫೆಸ್ಟ್‌ಗಳು. ರಾಜೇಶ್ ಅವರನ್ನು ತೆಗೆಯೋಕೆ ಮನಸ್ಸೇ ಬರಲ್ಲ, ಆದರೆ ಅವರ ಹಾದಿ ಎಸ್‌ಪಿಬಿ ಹಾಕಿಕೊಟ್ಟಿದ್ದು. ಸೋನು ತೆಗೆದ್ರೆ 2007ರಿಂದ 2009ರವರೆಗಿನ ಪಿಸುಮಾತಿನಂಥ ಹಾಡುಗಾರಿಕೆಯೇ ಇರ್ತಿರಲಿಲ್ಲ. ನನಗೆ ಇಷ್ಟ ಇರಲಿ ಬಿಡಲಿ, ಮೂರನೇ ಹೆಸರು ಸೋನು ನಿಗಮ್.

ಹಾಗಾಗಿ ನನ್ನ ಪಟ್ಟಿ: ಗುರುಕಿರಣ್, ಮನೋಮೂರ್ತಿ–ಕಾಯ್ಕಿಣಿ, ಸೋನು ನಿಗಮ್. ಪೋಸ್ಟರ್ ಬದಲಾಯಿಸಿದ್ದೀನಿ, ನೋಡಿ.

ದಶಕ ಮುಗಿದಿದ್ದು ಹೇಗೆ ಅಂತ ನೆನಪಿದೆಯಾ? 2009ರ ಡಿಸೆಂಬರ್ 29. ಮುಂಗಾರು ಮಳೆ ಬಂದು ಸರಿಯಾಗಿ ಮೂರು ವರ್ಷ. ಅವತ್ತು ಸಿ. ಅಶ್ವತ್ಥ್ ಹೋದರು, ಅವರ ಹುಟ್ಟುಹಬ್ಬದ ದಿನವೇ. ಮರುದಿನ ವಿಷ್ಣುವರ್ಧನ್.

ಈ ಪಟ್ಟಿಯನ್ನು ಚಿಕ್ಕಪ್ಪಂಗೆ ಫೋನ್ ಮಾಡಿ ಓದಿದೆ. ಸೋನು ಹೆಸರು ಬಂದಾಗ ಆ ಕಡೆಯಿಂದ ಸದ್ದೇ ಇಲ್ಲ. "ಚಿಕ್ಕಪ್ಪ, ಇದ್ದೀರಾ?" ಅಂದೆ. "ಇದ್ದೀನಿ. ಮುಂದಿನ ಸಲ ಊರಿಗೆ ಬಂದಾಗ ಊಟ ಹೋಟ್ಲಲ್ಲಿ ಮಾಡ್ಕೊಂಡ್ ಬಾ" ಅಂದ್ರು. ಅವರ ಮೂರು: ಎಸ್‌ಪಿಬಿ, ರಾಜೇಶ್, ಗುರುಕಿರಣ್. ಪುಸ್ತಕಗಳನ್ನು ಮಾತ್ರ ನನಗೇ ಕೊಟ್ಟಿದ್ದಾರೆ. ಕೊನೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಯಾವ ಸಿನಿಮಾದ ಹೆಸರೂ ಇಲ್ಲ. ಖಾಲಿ ಸಿಡಿ ಒಂದು ಡಬ್ಬ, ಮೆಮೊರಿ ಕಾರ್ಡ್ ಒಂದು ಡಜನ್, ಕಾರ್ಡ್ ರೀಡರ್ ಎರಡು.

ಮುಂದಿನ ವಾರ 2010ರಿಂದ 2019. ನಿಮ್ಮ ಮೂರು ಹೆಸರು ವಾಯ್ಸ್ ನೋಟ್‌ನಲ್ಲಿ ಕಳಿಸಿ. ಎರಡು ನಿಮಿಷದೊಳಗೆ ಇರಲಿ. ಹಾಸನದವರೇ, ನಿಮಗೆ ಮೂರು.